ದೊಡ್ಡ ನಾಯಿಗೆ ನೆಲದಡಿಯ ಬೇಲಿ: ಹಿರಿಯಡ್ಕದ ನಮ್ಮ ತೋಟದಲ್ಲಿ ಒಂದು ಮಳೆಗಾಲ ದಾಟಿದ ಮೇಲೆ

ನಾಯಿಗೆ ನೆಲದಡಿಯ ಬೇಲಿ, ಅಂದರೆ ಜಾಗದ ಸುತ್ತ ಮಣ್ಣಿನಡಿ ತಂತಿ ಹೂತು, ನಾಯಿ ಅದನ್ನು ದಾಟದ ಹಾಗೆ ಕುತ್ತಿಗೆಯ ಕಾಲರಿನಿಂದ ಎಚ್ಚರಿಸುವ ವ್ಯವಸ್ಥೆ, ಹಾಕಿಸೋಣ ಅಂತ ಹೊರಟಾಗ ಉಡುಪಿ ಕಡೆ ಅದನ್ನು ಹಾಕಿಸಿದವರು ನಮಗೆ ಒಬ್ಬರೂ ಸಿಗಲಿಲ್ಲ. ಅಂಗಡಿಯವರಿಗೆ ಹೊಸತು, ಇಲೆಕ್ಟ್ರಿಷಿಯನ್ ಹುಡುಗನಿಗೂ ಹೊಸತು. ಎಲ್ಲವನ್ನೂ ನಾವೇ ಓದಿ, ಕೇಳಿ, ಮಾಡಿ ನೋಡಬೇಕಾಯಿತು. ಈಗ ಒಂದು ಪೂರ್ತಿ ಮಳೆಗಾಲ ಮುಗಿಯುತ್ತಾ ಬಂದಿದೆ, ಆಗಸ್ಟ್-ಸೆಪ್ಟೆಂಬರಿನ ಸೋಣ ತಿಂಗಳ ಬಿಸಿಲು ಬಿದ್ದಿದೆ, ತಂತಿ ಇನ್ನೂ ಕೆಲಸ ಮಾಡುತ್ತಿದೆ. ತೋಟದ ಮಧ್ಯೆ ಮನೆ, ದೊಡ್ಡ ನಾಯಿ, ಪಾಗಾರ ಕಟ್ಟಿಸುವಷ್ಟು ದುಡ್ಡಿಲ್ಲ ಅನ್ನುವವರು ನಮ್ಮ ಹಾಗೆ ತುಂಬ ಜನ ಇದ್ದಾರೆ. ಅವರಿಗೆ ಉಪಯೋಗವಾಗಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಮ್ಮ ದಾಸು ಜರ್ಮನ್ ಶೆಫರ್ಡ್. ತೂಕ 36 ಕಿಲೋ. ನಮ್ಮದು ಹಿರಿಯಡ್ಕದ ಹತ್ತಿರ ಎಕರೆಯಷ್ಟು ಜಾಗ. ತೆಂಗು, ಸ್ವಲ್ಪ ಅಡಿಕೆ, ನಡುವೆ ಮನೆ. ಎದುರಿಗೆ ಪಂಚಾಯತ್ ರಸ್ತೆ, ಒಂದು ಬದಿ ತೋಡು, ಹಿಂದೆ ಗುಡ್ಡೆ. ಒಂದು ಮೂಲೆಯಲ್ಲಿ ನಾಗಬನ. ತೋಟದ ಅಂಚಿನಲ್ಲೇ ಹಿಂದಿನ ಮನೆಯವರು ಓಡಾಡುವ ಕಾಲುದಾರಿ. ಹಳೆಯ ಬೇಲಿ ಉಂಟು, ಆದರೆ ನಾಯಿ ನುಗ್ಗದ ಕಡೆ ಒಂದೂ ಇಲ್ಲ.

ದಾಸು ಕಚ್ಚುವ ನಾಯಿ ಅಲ್ಲ. ಅವನಿಗೆ ಇದ್ದದ್ದು ಓಡುವ ಹುಚ್ಚು. ಬೆಳಗ್ಗೆ ಮೀನಿನ ಗಾಡಿಯ ಹಾರ್ನ್ ಕೇಳಿದರೆ ಸಾಕು, ಬೇಲಿ ಹಾರಿ ರಸ್ತೆಗೆ. ಗಾಡಿಯ ಹಿಂದೆ ತಿರುವಿನವರೆಗೂ ಓಡುತ್ತಿದ್ದ. ಒಂದು ದಿನ ಎದುರಿನಿಂದ ಬಂದ ಸ್ಕೂಟರಿನ ಹೆಂಗಸು ಅವನನ್ನು ತಪ್ಪಿಸಲು ಹೋಗಿ ಬಿದ್ದರು. ಮೊಣಕೈ ತರಚಿತು, ಪುಣ್ಯಕ್ಕೆ ಅಷ್ಟೇ. ಅವರ ಹಿಂದೆ ಶಾಲೆಯ ಮಗು ಕೂತಿತ್ತು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ದಿನವಿಡೀ ಚೈನು ಹಾಕಿ ಕಟ್ಟುವುದು ಒಂದು ದಾರಿ. ಆದರೆ ಅಷ್ಟು ದೊಡ್ಡ ನಾಯಿಯನ್ನು ಹಗಲೆಲ್ಲ ಕಟ್ಟಿ ಹಾಕಿದರೆ ಅದರ ಸ್ವಭಾವವೇ ಹಾಳಾಗುತ್ತದೆ. ಕೂಗಾಟ ಜಾಸ್ತಿಯಾಗುತ್ತದೆ, ಬಂದವರ ಮೇಲೆ ಎಗರುವುದು ಶುರುವಾಗುತ್ತದೆ. ನಾವು ಕೆಲವು ದಿನ ಕಟ್ಟಿ ನೋಡಿದೆವು. ಅವನು ಕಂಬದ ಸುತ್ತ ಸುತ್ತಿ ಸುತ್ತಿ ನೆಲದಲ್ಲಿ ಒಂದು ಗುಂಡಗಿನ ಗುರುತೇ ಬಿತ್ತು. ನಮಗೆ ನೋಡಲು ಆಗಲಿಲ್ಲ.

ಮೊದಲು ವಿಚಾರಿಸಿದ್ದು ಪಾಗಾರವನ್ನೇ. ಚೌಕಾಕಾರದ ಒಂದು ಎಕರೆ ಎಂದರೆ ಸುತ್ತಳತೆ ಸುಮಾರು 250 ಮೀಟರ್, ಅಂದರೆ 800 ಅಡಿಗಿಂತ ಜಾಸ್ತಿ. ಕೆಂಪುಕಲ್ಲಿನಲ್ಲಿ ಐದಡಿ ಎತ್ತರ ಕಟ್ಟಿಸಲು ಮೇಸ್ತ್ರಿ ಹೇಳಿದ ಲೆಕ್ಕ ಎಂಟು ಲಕ್ಷ ದಾಟಿತು. ಸಿಮೆಂಟ್ ಕಂಬ ನೆಟ್ಟು ಚೈನ್ ಲಿಂಕ್ ಮೆಶ್ ಹಾಕಿಸುವುದಾದರೆ ಎರಡು ಲಕ್ಷದ ಹತ್ತಿರ. ಅದನ್ನೇ ಮಾಡೋಣ ಎಂದುಕೊಂಡಾಗ ಇನ್ನೊಂದು ತೊಡಕು ಬಂತು. ಗುಡ್ಡೆ ಬದಿಯ ಗಡಿ ಸರಿಯಾಗಿ ಎಲ್ಲಿ ಎಂದು ನಮಗೂ ಗೊತ್ತಿಲ್ಲ, ಪಕ್ಕದವರಿಗೂ ಗೊತ್ತಿಲ್ಲ. ಸರ್ವೆ ಕಲ್ಲು ಮಣ್ಣಿನಡಿ ಹೋಗಿ ಎಷ್ಟೋ ಕಾಲವಾಗಿದೆ. "ಅಳತೆ ಮಾಡಿಸಿ ಕಂಬ ಹಾಕಿ ಅಣ್ಣ, ಆಮೇಲೆ ನಮ್ಮೊಳಗೆ ಮಾತು ಬರುವುದು ಬೇಡ" ಎಂದರು ಪಕ್ಕದ ಮನೆಯ ಅಕ್ಕ. ನ್ಯಾಯವಾದ ಮಾತು. ಆರ್‌ಟಿಸಿ, ಹಕ್ಕುಪತ್ರದ ಪ್ರತಿ, ಆಧಾರ್ ಎಲ್ಲ ಹಿಡಿದುಕೊಂಡು ಹೋಗಿ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತು ಮಾಡಿಸುವುದಕ್ಕೆ, ಅರ್ಜಿ ಕೊಟ್ಟು ಬಂದೆ. ಸರ್ವೆಯರ್ ಬರುವವರೆಗೆ ಸರದಿ ಕಾಯಬೇಕು. ನಾಯಿ ಕಾಯುವುದಿಲ್ಲವಲ್ಲ.

ಆಗ ಬೆಂಗಳೂರಿನ ನೆಂಟರೊಬ್ಬರು ಈ ನೆಲದಡಿಯ ಬೇಲಿಯ ವಿಷಯ ಹೇಳಿದರು. ಅಮೆರಿಕದಲ್ಲಿ 1970ರ ದಶಕದಿಂದ ಇರುವ ವ್ಯವಸ್ಥೆ ಇದು. ಕೆಲಸ ಮಾಡುವ ರೀತಿ ಸರಳ. ಮನೆಯೊಳಗೆ ಗೋಡೆಗೆ ಒಂದು ಸಣ್ಣ ಪೆಟ್ಟಿಗೆ, ಅಂದರೆ ಟ್ರಾನ್ಸ್‌ಮಿಟರ್. ಅದರಿಂದ ಹೊರಟ ತಂತಿ ಜಾಗವನ್ನು ಪೂರ್ತಿ ಸುತ್ತಿ ಮತ್ತೆ ಅದೇ ಪೆಟ್ಟಿಗೆಗೆ ಬಂದು ಸೇರಬೇಕು. ಆ ತಂತಿಯಲ್ಲಿ ಕಡಿಮೆ ಶಕ್ತಿಯ ರೇಡಿಯೋ ಸಿಗ್ನಲ್ ಹರಿಯುತ್ತದೆ. ನಾಯಿಯ ಕುತ್ತಿಗೆಯಲ್ಲಿ ಬ್ಯಾಟರಿ ಇರುವ ಕಾಲರ್. ನಾಯಿ ತಂತಿಯ ಹತ್ತಿರ ಬಂದಾಗ ಕಾಲರ್ ಮೊದಲು ಬೀಪ್ ಎನ್ನುತ್ತದೆ. ಇನ್ನೂ ಮುಂದೆ ಹೋದರೆ ಕಾಲರಿನ ಎರಡು ಲೋಹದ ಮೊನೆಗಳಿಂದ ಸಣ್ಣ ಶಾಕ್ ತಗಲುತ್ತದೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ನಾವು ಈ ವಿಷಯ ಹೇಳಿದ ಎಲ್ಲರೂ ಕೇಳಿದ ಮೊದಲ ಪ್ರಶ್ನೆ, "ತಂತಿ ಮೆಟ್ಟಿದರೆ ಶಾಕ್ ಹೊಡೀತದಾ?" ಹೊಡೆಯುವುದಿಲ್ಲ. ಶಾಕ್ ಬರುವುದು ಕಾಲರಿನ ಬ್ಯಾಟರಿಯಿಂದ, ತಂತಿಯಿಂದ ಅಲ್ಲ. ಕಾಡುಹಂದಿಗೆ ಹಾಕುವ ಸೋಲಾರ್ ಬೇಲಿ, ನಮ್ಮವರು ಐಬೆಕ್ಸ್ ಬೇಲಿ ಎನ್ನುತ್ತಾರಲ್ಲ, ಅದೇ ಬೇರೆ. ಅದರ ತಂತಿಯಲ್ಲೇ ಸಾವಿರಾರು ವೋಲ್ಟಿನ ಹೊಡೆತ ಕ್ಷಣ ಕ್ಷಣಕ್ಕೆ ಬರುತ್ತದೆ. ಇನ್ನು ಕೆಲವರು ಮನೆಯ ಕರೆಂಟನ್ನೇ ಬೇಲಿಗೆ ಕೊಡುತ್ತಾರೆ. ಅದು ಕಾನೂನಿಗೆ ವಿರುದ್ಧ, ಜನರೂ ಜಾನುವಾರುಗಳೂ ಸತ್ತಿದ್ದಾರೆ. ದಯವಿಟ್ಟು ಅದರ ಯೋಚನೆಯನ್ನೂ ಮಾಡಬೇಡಿ.

ತಂತಿಯೇ ಇಲ್ಲದ ವೈರ್‌ಲೆಸ್ ಬೇಲಿಯೂ ಸಿಗುತ್ತದೆ. ಅದು ಪೆಟ್ಟಿಗೆಯ ಸುತ್ತ ವೃತ್ತಾಕಾರದ ಜಾಗವನ್ನು ಮಾತ್ರ ಕೊಡುತ್ತದೆ. ನಮ್ಮ ಜಾಗ ಉದ್ದಕ್ಕೆ, ಇಳಿಜಾರು ಬೇರೆ. ಮನೆಗೆ ತಗಡಿನ ಮಾಡು ಇದ್ದರೆ ಅದರ ಸಿಗ್ನಲ್ ಏರುಪೇರಾಗುತ್ತದೆ. ಜಿಪಿಎಸ್ ಕಾಲರ್‌ಗೆ ತೆಂಗಿನ ತೋಟದಡಿ ಕೆಲವು ಮೀಟರ್ ಅತ್ತಿತ್ತ ಆಗುತ್ತದೆ. ದೊಡ್ಡ ಎಸ್ಟೇಟಿಗೆ ಅದು ಪರವಾಗಿಲ್ಲ, ಎಕರೆ ಜಾಗಕ್ಕೆ ಕೆಲವು ಮೀಟರ್ ಎಂದರೆ ನಾಯಿ ರಸ್ತೆಯ ಮಧ್ಯೆ ಇರುತ್ತದೆ.

ತಂತಿಯನ್ನೇ ಆರಿಸುವ ಮೊದಲು ಪಶುವೈದ್ಯರ ಹತ್ತಿರ ಹೋದೆವು. ಇದನ್ನು ಯಾರೂ ತಪ್ಪಿಸಬೇಡಿ. ಡಾಕ್ಟ್ರು ಮೊದಲು ಕೇಳಿದ್ದು ನಾಯಿಯ ವಯಸ್ಸು. ಆರು ತಿಂಗಳಿನ ಕೆಳಗಿನ ಮರಿಗೆ ಇದು ಬೇಡವೇ ಬೇಡ ಎಂದರು. ಎರಡನೆಯದು ಸ್ವಭಾವ. ಸಣ್ಣ ಸದ್ದಿಗೂ ಹೆದರಿ ಮಂಚದಡಿ ಸೇರುವ ನಾಯಿಗೆ ಶಾಕ್ ಕಾಲರ್ ಹಾಕಿದರೆ ಅದು ಅಂಗಳಕ್ಕೇ ಬರುವುದಿಲ್ಲ. ಜನರ ಮೇಲೆ ಎಗರುವ ನಾಯಿಗೆ ಹಾಕಿದರೆ ಇನ್ನೂ ಅಪಾಯ. ಎದುರಿಗೆ ಮನುಷ್ಯ ಕಾಣುವಾಗಲೇ ಶಾಕ್ ತಗಲಿದರೆ, ಆ ಮನುಷ್ಯನಿಂದಲೇ ನೋವಾಯಿತು ಎಂದು ನಾಯಿ ತಿಳಿಯುತ್ತದೆ. ದಾಸುವನ್ನು ಚೆನ್ನಾಗಿ ಪರೀಕ್ಷೆ ಮಾಡಿ, "ಇವನಿಗೆ ಆಗಬಹುದು, ಆದರೆ ಬೀಪಿಗೇ ನಿಲ್ಲುವ ಹಾಗೆ ಕಲಿಸಿ. ಶಾಕ್ ಇರುವುದು ಕೊನೆಗೆ" ಎಂದರು. ಬೀಜ ತೆಗೆಸಿದರೆ ಊರು ತಿರುಗುವ ಚಾಳಿ ಕಡಿಮೆಯಾಗುತ್ತದೆ ಎಂದೂ ಹೇಳಿದರು. ಅದನ್ನೂ ಮಾಡಿಸಿದೆವು. ರೇಬೀಸ್ ಲಸಿಕೆಯ ಕಾರ್ಡ್ ನೋಡಿ ವರ್ಷದ ಡೋಸ್ ಕೊಟ್ಟರು.

ಮನಸ್ಸಿಗೆ ಸಮಾಧಾನ ಇರಲಿಲ್ಲ. ಇಂಗ್ಲೆಂಡಿನ ಪಕ್ಕದ ವೇಲ್ಸ್‌ನಲ್ಲಿ 2010ರಲ್ಲೇ ನಾಯಿ ಬೆಕ್ಕುಗಳಿಗೆ ಶಾಕ್ ಕಾಲರ್ ಹಾಕುವುದನ್ನು ನಿಷೇಧಿಸಿದ್ದಾರೆ. ಅದನ್ನು ಓದಿದ ಮೇಲೆ ನನ್ನ ಹೆಂಡತಿ ಬೇಡ ಎಂದೇ ಕೂತಳು. ಕೊನೆಗೆ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಕಾಲರ್ ಬಂದ ಮೇಲೆ ಮೊದಲು ನಮ್ಮ ಕೈಗೆ ಹಿಡಿದು ನೋಡುವುದು. ನಮಗೆ ಸಹಿಸಲಾಗದ್ದನ್ನು ಅವನಿಗೆ ಹಾಕುವುದಿಲ್ಲ. ಹಾಗೇ ಮಾಡಿದೆವು. ಕೆಳಗಿನ ಹಂತದಲ್ಲಿ ಸಿಂಥೆಟಿಕ್ ಬಟ್ಟೆ ತೆಗೆಯುವಾಗ ಚಟ್ ಎನ್ನುತ್ತದಲ್ಲ, ಅಷ್ಟೇ. ಮೇಲಿನ ಹಂತಗಳಲ್ಲಿ ಕೈ ತಾನಾಗಿ ಹಿಂದೆ ಬಂತು. ಆ ಮೇಲಿನ ಹಂತಗಳನ್ನು ನಾವು ಇವತ್ತಿನವರೆಗೂ ಮುಟ್ಟಿಲ್ಲ.

ಕಿಟ್ ತರಿಸುವುದು ಇನ್ನೊಂದು ಕತೆ. ಇಲ್ಲಿ ಆನ್‌ಲೈನಿನಲ್ಲಿ ಏಳೆಂಟು ಸಾವಿರಕ್ಕೂ ಸಿಗುತ್ತದೆ. ಮೊದಲು ಅಂಥದ್ದೊಂದನ್ನು ತರಿಸಿ ಅಂಗಳದಲ್ಲೇ ತಂತಿ ಹರಡಿ ಪರೀಕ್ಷಿಸಿದೆವು. ಕಾಲರ್ ಒಮ್ಮೆ ತಂತಿಯಿಂದ ಆರಡಿ ದೂರದಲ್ಲಿ ಕೂಗಿತು, ಇನ್ನೊಮ್ಮೆ ತಂತಿಯ ಮೇಲೇ ಇಟ್ಟರೂ ಸುಮ್ಮನಿತ್ತು. ವಾಪಸ್ ಕಳಿಸಿದೆವು. ದುಡ್ಡು ಬರಲು ತುಂಬ ಓಡಾಟ ಆಯಿತು. ನೀವು ಯಾವುದನ್ನೇ ತೆಗೆದುಕೊಳ್ಳಿ, ಮಣ್ಣಿಗೆ ಹಾಕುವ ಮೊದಲು ಹೀಗೆ ನೆಲದ ಮೇಲೆ ಹರಡಿ, ಕಾಲರನ್ನು ಕೈಯಲ್ಲಿ ಹಿಡಿದು ನಾಯಿಯ ಕುತ್ತಿಗೆಯ ಎತ್ತರದಲ್ಲಿ ನಡೆದು ನೋಡಿ. ಪ್ರತಿ ಸಲ ಒಂದೇ ದೂರದಲ್ಲಿ ಬೀಪ್ ಬರಬೇಕು.

ಆಮೇಲೆ ದುಬೈಯಲ್ಲಿರುವ ಅಕ್ಕನ ಮಗನಿಗೆ ಹೇಳಿದೆವು. ಅವನು ದೊಡ್ಡ ನಾಯಿಗೆಂದೇ ಇರುವ, ಚಾರ್ಜ್ ಮಾಡುವ ಬ್ಯಾಟರಿಯ ಕಿಟ್ ನೋಡಿ ತೆಗೆದುಕೊಂಡ. ಸುಮಾರು 30,000 ರೂಪಾಯಿ ಬಿತ್ತು. ಕೆಲವು ಕಾಲರ್‌ಗಳಿಗೆ ಆ ಕಂಪೆನಿಯದ್ದೇ ವಿಶೇಷ ಬ್ಯಾಟರಿ ಬೇಕು, ಅದು ಉಡುಪಿ ಮಂಗಳೂರಿನಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಹಾಗಾಗಿ ಚಾರ್ಜ್ ಆಗುವುದನ್ನೇ ನೋಡಿ. ಅಮೆರಿಕದಿಂದ ತರಿಸುವವರು ಅಡಾಪ್ಟರಿನ ಮೇಲೆ ಬರೆದಿರುವುದನ್ನು ಓದಲೇಬೇಕು. ಅಲ್ಲಿಯ ಕರೆಂಟ್ 120 ವೋಲ್ಟ್, ನಮ್ಮದು 230. ದುಬೈಯದ್ದಾದರೆ ಆ ತೊಂದರೆ ಇಲ್ಲ, ಪಿನ್ನು ಮಾತ್ರ ಬೇರೆ. ಬಜ್ಪೆ ವಿಮಾನ ನಿಲ್ದಾಣದಲ್ಲಿ ಕೇಳಿದರೆ ತೋರಿಸಲು ಬಿಲ್ ಜೊತೆಗಿರಲಿ. ಬಿಡಿ ಲಿಥಿಯಂ ಬ್ಯಾಟರಿಗಳು ಇದ್ದರೆ ಅವನ್ನು ಕೈಚೀಲದಲ್ಲೇ ತರಬೇಕು, ಲಗೇಜಿಗೆ ಹಾಕುವ ಹಾಗಿಲ್ಲ.

ಕಿಟ್ಟಿನ ಜೊತೆ ಬಂದ ತಂತಿ 20 ಗೇಜಿನದ್ದು, ನೂಲಿನಷ್ಟು ತೆಳು. ಉದ್ದವೂ ಸಾಲದು. ಉಡುಪಿಯಲ್ಲಿ ಒಂದೂವರೆ ಸ್ಕ್ವೇರ್ ಎಂಎಂನ ತಾಮ್ರದ ತಂತಿ 90 ಮೀಟರಿನ ಮೂರು ಸುರುಳಿ ತಂದೆವು, ಏಳು ಸಾವಿರ ಚಿಲ್ಲರೆ ಆಯಿತು. ಆದರೆ ಇದು ಮನೆಯೊಳಗೆ ಎಳೆಯುವ ತಂತಿ, ಮಣ್ಣಿನಲ್ಲಿ ಹೂಳಲು ಮಾಡಿದ್ದಲ್ಲ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬರುವ ಊರಿನಲ್ಲಿ ಅದನ್ನು ಹಾಗೇ ಹೂತರೆ ಎಷ್ಟು ದಿನ ಬಾಳೀತು? ದಾರಿ ತೋರಿಸಿದ್ದು ತೋಟದ ಕೆಲಸಕ್ಕೆ ಬರುವ ಅಣ್ಣ. ಅಡಿಕೆಗೆ ಡ್ರಿಪ್ ಹಾಕಲು ತರುವ 16 ಎಂಎಂ ಕಪ್ಪು ಪೈಪ್ ಇದೆಯಲ್ಲ, ತೂತು ಇಲ್ಲದ್ದು, ಅದರೊಳಗೆ ಹಾಕೋಣ ಎಂದರು. ಅಷ್ಟುದ್ದದ ಪೈಪಿನೊಳಗೆ ತಂತಿ ತೂರಿಸಲು ಆಗುವುದಿಲ್ಲ. ಅದಕ್ಕೆ ಅವರು ಜಗಲಿಯಲ್ಲಿ ಕೂತು ಮರದ ತುಂಡಿಗೆ ಒಂದು ಬ್ಲೇಡ್ ಸಿಕ್ಕಿಸಿದರು. ಒಂದು ಕೈಯಲ್ಲಿ ಪೈಪನ್ನು ಅದರ ಮೇಲೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಎಳೆಯುತ್ತಾ ಹೋದರು. ಪೈಪ್ ಉದ್ದಕ್ಕೂ ಸೀಳಿಕೊಂಡು ಬಂತು. ಹಿಂದೆ ಹಿಂದೆಯೇ ನಾನು ಸೀಳಿನೊಳಗೆ ತಂತಿಯನ್ನು ಹೆಬ್ಬೆರಳಿನಿಂದ ಒತ್ತುತ್ತಾ ಹೋದೆ. ಬಿಟ್ಟ ಕೂಡಲೇ ಪೈಪ್ ತಾನೇ ಬಾಯಿ ಮುಚ್ಚಿಕೊಳ್ಳುತ್ತದೆ. ಸೀಳು ಕೆಳಮುಖವಾಗಿ ಇಟ್ಟು ಹೂಳಬೇಕು. ಪ್ಲಾಸ್ಟಿಕ್ ಪೈಪಿನಿಂದ ಸಿಗ್ನಲ್‌ಗೆ ಏನೂ ಆಗುವುದಿಲ್ಲ. ಕಬ್ಬಿಣದ ಪೈಪ್ ಮಾತ್ರ ಬೇಡ, ಅದು ಸಿಗ್ನಲನ್ನು ತಡೆಯುತ್ತದೆ.

ಮಳೆ ನಿಂತು ಮಣ್ಣು ಇನ್ನೂ ಮೆತ್ತಗಿರುವಾಗ, ದೀಪಾವಳಿಯ ನಂತರ ಕೆಲಸ ಶುರು ಮಾಡಿದೆವು. ಈ ಸಮಯ ನಮ್ಮ ಕಡೆ ಬಹಳ ಮುಖ್ಯ. ಫೆಬ್ರವರಿ ದಾಟಿದರೆ ಮುರಕಲ್ಲಿನ ನೆಲಕ್ಕೆ ಪಿಕ್ಕಾಸು ಹಾಕಿದರೆ ಕಿಡಿ ಬರುತ್ತದೆ. ಆಳ ಜಾಸ್ತಿ ಬೇಡ, ಎರಡು ಮೂರು ಇಂಚು ಸಾಕು. ಬರೀ ಕಲ್ಲಿರುವ ಕಡೆ ನಾವು ಅಗೆಯಲೇ ಇಲ್ಲ. ಪೈಪನ್ನು ನೆಲದ ಮೇಲೇ ಕೂರಿಸಿ, ಮೇಲಿನಿಂದ ಮಣ್ಣು ಏರಿಸಿದೆವು.

ದಾರಿ ಗುರುತಿಸುವುದಕ್ಕೇ ಅಗೆಯುವುದಕ್ಕಿಂತ ಜಾಸ್ತಿ ತಲೆ ಖರ್ಚಾಯಿತು. ರಸ್ತೆಯಿಂದ ಎಂಟು ಹತ್ತು ಅಡಿ ಒಳಗೆ ತಂತಿ ಬರಬೇಕು. ಓಡಿ ಬರುವ ದೊಡ್ಡ ನಾಯಿಗೆ ಬೀಪ್ ಕೇಳಿ ನಿಲ್ಲಲು ಅಷ್ಟು ಜಾಗ ಬೇಕೇ ಬೇಕು. ಮೂಲೆಗಳಲ್ಲಿ ತಂತಿಯನ್ನು ಚೂಪಾಗಿ ತಿರುಗಿಸಬಾರದು, ಸಿಗ್ನಲ್ ದುರ್ಬಲವಾಗುತ್ತದೆ. ದುಂಡಗೆ ತಿರುಗಿಸಿ. ತೆಂಗಿನ ಬುಡದಿಂದ ಆರಡಿಗಿಂತ ದೂರ ಇರಲಿ, ಇಲ್ಲದಿದ್ದರೆ ಬುಡ ಬಿಡಿಸುವಾಗ ಹಾರೆಗೆ ತಂತಿ ತುಂಡಾಗುತ್ತದೆ. ಮನೆಯಿಂದ ಸುತ್ತು ಶುರುವಾಗುವ ಜಾಗದವರೆಗೆ ಹೋಗುವ ಮತ್ತು ಬರುವ ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆಯಬೇಕು, ಅಡಿಗೆ 10ರಿಂದ 15 ಸುತ್ತು. ಹೊಸೆದ ಭಾಗದಲ್ಲಿ ಸಿಗ್ನಲ್ ಒಂದನ್ನೊಂದು ಕಳೆದುಕೊಳ್ಳುತ್ತದೆ, ಹಾಗಾಗಿ ನಾಯಿ ಅದರ ಮೇಲೆ ನಡೆದರೂ ಕಾಲರ್ ಕೂಗುವುದಿಲ್ಲ. ಹೊಸೆಯಲು ಡ್ರಿಲ್ ಮೆಶಿನ್ನಿನ ಬಾಯಿಗೆ ಎರಡೂ ತುದಿ ಸಿಕ್ಕಿಸಿ ತಿರುಗಿಸಿದರೆ ಬೇಗ ಮುಗಿಯುತ್ತದೆ.

ನಾಗಬನದ ಹತ್ತಿರ ಅಗೆಯುವ ಪ್ರಶ್ನೆಯೇ ಇರಲಿಲ್ಲ. ಆದರೂ ಕುಟುಂಬದ ಹಿರಿಯರನ್ನೂ ಪೂಜೆಗೆ ಬರುವ ಭಟ್ರನ್ನೂ ಕೇಳಿದೆವು. ಬನದಿಂದ ಸಾಕಷ್ಟು ಈಚೆಗೆ ತಂತಿ ಬರಲಿ, ನಾಯಿಯೂ ಬನಕ್ಕೆ ಹೋಗದ ಹಾಗಾಯಿತು ಎಂದರು ಭಟ್ರು. ಅಮ್ಮನಿಗೆ ಈ ಒಂದು ಮಾತಿನಿಂದಲೇ ಇಡೀ ಕೆಲಸ ಒಪ್ಪಿಗೆಯಾಯಿತು.

ಕಾಲುದಾರಿಯದ್ದು ನಿಜವಾಗಿ ಯೋಚನೆ ಮಾಡಬೇಕಾದ ವಿಷಯ. ಡೈರಿಗೆ ಹಾಲು ಕೊಂಡುಹೋಗುವವರು, ಶಾಲೆಯ ಮಕ್ಕಳು, ಎಲ್ಲರೂ ಅಲ್ಲೇ ನಡೆಯುವುದು. ಈ ಬೇಲಿ ಕಣ್ಣಿಗೆ ಕಾಣುವುದಿಲ್ಲ. ನಾಯಿ ತಮ್ಮ ಕಡೆಗೆ ಓಡಿ ಬರುತ್ತಿದೆ, ನಡುವೆ ಏನೂ ಇಲ್ಲ ಎಂದರೆ ಮಕ್ಕಳು ಹೆದರುವುದಿಲ್ಲವೇ? ಅದು ಶಾಕ್ ತಗಲಿ ನಿಲ್ಲುತ್ತದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ನಾವು ಕಾಲುದಾರಿಯನ್ನು ಪೂರ್ತಿ ಹೊರಗೆ ಬಿಟ್ಟು, ಅಲ್ಲಿಂದ ಇನ್ನೂ ಒಳಗೆ ತಂತಿ ಹಾಕಿದೆವು. ತೋಟದ ಒಂದು ದೊಡ್ಡ ಭಾಗ ದಾಸುವಿಗೆ ಸಿಗಲಿಲ್ಲ. ಪರವಾಗಿಲ್ಲ. ಸುಣ್ಣ ಬಳಿದ ಕಲ್ಲುಗಳನ್ನು ಸಾಲಾಗಿ ಇಟ್ಟು, ಮನೆ ಮನೆಗೆ ಹೋಗಿ "ನಾಯಿ ಈ ಕಲ್ಲು ದಾಟುವುದಿಲ್ಲ, ನೀವೂ ದಾಟಬೇಡಿ" ಎಂದು ಹೇಳಿ ಬಂದೆವು. ಎರಡೂ ಕಡೆ ಬೋರ್ಡ್ ಹಾಕಿದೆವು.

ಪೆಟ್ಟಿಗೆಗೆ ಕರೆಂಟ್ ಕೊಟ್ಟ ದಿನ ಇನ್ನೊಂದು ವಿಚಿತ್ರ ಕಂಡಿತು. ತಂತಿ ಇಲ್ಲದ ಬಾವಿಕಟ್ಟೆಯ ಹತ್ತಿರವೂ ಕಾಲರ್ ಬೀಪ್ ಎನ್ನುತ್ತಿತ್ತು. ಇಲೆಕ್ಟ್ರಿಷಿಯನ್ ಹುಡುಗ ಬಾವಿಯ ಪಂಪಿಗೆ ಹೋಗುವ ಕೇಬಲ್ ಎಲ್ಲಿ ಉಂಟು ಎಂದು ಹುಡುಕಿದ. ನಮ್ಮ ತಂತಿಗೆ ಸಮಾನಾಂತರವಾಗಿ, ಮಣ್ಣಿನಡಿ, ಹತ್ತಿರದಲ್ಲೇ ಇತ್ತು. ಸಿಗ್ನಲ್ ಅದಕ್ಕೂ ಹತ್ತಿ ಬಾವಿಯವರೆಗೆ ಹೋಗುತ್ತಿತ್ತು. ಅಷ್ಟು ಭಾಗವನ್ನು ಕಿತ್ತು ದೂರ ಸರಿಸಿ, ಕೇಬಲ್ಲನ್ನು ದಾಟುವ ಕಡೆ ನೇರ ಅಡ್ಡವಾಗಿ ದಾಟಿಸಿದ ಮೇಲೆ ಸರಿಯಾಯಿತು. ನಿಮ್ಮಲ್ಲಿ ಪಂಪಿನ, ಟಿವಿಯ, ಗೇಟಿನ ದೀಪದ ಕೇಬಲ್‌ಗಳು ಎಲ್ಲೆಲ್ಲಿ ಹೂತಿವೆ ಎಂದು ಮೊದಲೇ ಗುರುತು ಮಾಡಿಕೊಳ್ಳಿ.

ತಂತಿ ಹೂತಾಯಿತು ಎಂದರೆ ಬೇಲಿ ಆಯಿತು ಎಂದಲ್ಲ. ಬೇಲಿ ಕಟ್ಟಬೇಕಾದದ್ದು ನಾಯಿಯ ತಲೆಯೊಳಗೆ. ಕಿಟ್ಟಿನಲ್ಲಿ ಬಂದ ಸಣ್ಣ ಬಾವುಟಗಳನ್ನು ಬೀಪ್ ಬರುವ ಗಡಿಯಲ್ಲಿ ಊರಿದೆವು. ಅವು ಬಿಳಿ ಬಣ್ಣದವು. ಬೇರೆ ಬಟ್ಟೆ ಕಟ್ಟುವುದಾದರೆ ಕೆಂಪು ಬೇಡ, ನಾಯಿಗೆ ಕೆಂಪು ಸರಿಯಾಗಿ ಕಾಣುವುದಿಲ್ಲ. ಶಾಕ್ ಆಫ್, ಬೀಪ್ ಮಾತ್ರ. ಉದ್ದ ಹಗ್ಗ ಕಟ್ಟಿ ಅವನನ್ನು ಬಾವುಟದ ಹತ್ತಿರ ಕರೆದುಕೊಂಡು ಹೋಗುವುದು, ಬೀಪ್ ಎಂದ ಕೂಡಲೇ "ಬಾ ದಾಸು" ಎಂದು ಹಿಂದೆ ಎಳೆದುಕೊಳ್ಳುವುದು, ತಿರುಗಿ ಬಂದರೆ ಮುಳ್ಳು ತೆಗೆದ ಬೇಯಿಸಿದ ಬೂತಾಯಿ ಮೀನಿನ ಒಂದು ಚೂರು. ಒಂದು ಸಲಕ್ಕೆ 10-15 ನಿಮಿಷ, ಜಾಸ್ತಿ ಬೇಡ, ನಾಯಿಗೆ ಬೇಸರವಾಗುತ್ತದೆ. ಪುಸ್ತಕದಲ್ಲಿ ಎರಡು ವಾರ ಎಂದು ಬರೆದಿರುತ್ತದೆ. ನಮಗೆ ಅದಕ್ಕಿಂತ ಹೆಚ್ಚೇ ಬೇಕಾಯಿತು. ಅವಸರ ಮಾಡಲಿಲ್ಲ. ಕೆಳಗಿನ ಹಂತದ ಶಾಕ್ ಆನ್ ಮಾಡಿದ ಮೇಲೆ ಅವನಿಗೆ ಅದು ತಗಲಿದ್ದು ಬೆರಳೆಣಿಕೆಯಷ್ಟೇ. ಮೊದಲ ಸಲ ಕುಂಯ್ ಎಂದು ಓಡಿ ಬಂದು ನನ್ನ ಕಾಲ ಹತ್ತಿರ ಕೂತ. ಆ ದಿನ ಅಲ್ಲಿಗೇ ನಿಲ್ಲಿಸಿ, ಅವನ ಜೊತೆ ತುಂಬ ಹೊತ್ತು ಅಂಗಳದಲ್ಲೇ ಇದ್ದೆ.

ಮೀನಿನ ಗಾಡಿಯವರಿಗೆ ಹೇಳಿ ಒಂದು ಪರೀಕ್ಷೆ ಮಾಡಿದೆವು. ಅವರು ನಮ್ಮ ಗೇಟಿನ ಎದುರು ನಿಲ್ಲಿಸಿ ಹಾರ್ನ್ ಹೊಡೆಯುವುದು, ನಾನು ಹಗ್ಗ ಹಿಡಿದುಕೊಂಡಿರುವುದು. ಮೊದಮೊದಲು ಹಗ್ಗ ನನ್ನ ಕೈ ಕುಯ್ಯುವಷ್ಟು ಎಳೆದ. ದಿನ ಕಳೆದ ಹಾಗೆ ಬಾವುಟದ ಹತ್ತಿರ ಬಂದು ನಿಂತು ಬೊಗಳಲು ಶುರು ಮಾಡಿದ. ಹಗ್ಗ ಬಿಟ್ಟ ದಿನವೂ ಅಲ್ಲೇ ನಿಂತ. ಗಾಡಿಯವರು ಸಂತೋಷದಿಂದ ಒಂದು ಬೂತಾಯಿ ಎಸೆದರು.

ಹಾಗಂತ ಬೇಲಿ ಯಾವಾಗಲೂ ಹಿಡಿಯುತ್ತದೆ ಎಂದು ತಿಳಿಯಬೇಡಿ. ಜನವರಿಯಲ್ಲಿ ಗುಡ್ಡೆ ಕಡೆಯಿಂದ ನವಿಲುಗಳು ಇಳಿದಾಗ ಒಂದರ ಹಿಂದೆ ಬಿದ್ದವನು ಬೀಪ್, ಶಾಕ್ ಎರಡನ್ನೂ ಲೆಕ್ಕಿಸದೆ ದಾಟಿಯೇ ಬಿಟ್ಟ. ನವಿಲು ಹಾರಿತು. ಇವನು ವಾಪಸ್ ಬರಲು ನೋಡಿದರೆ ಕಾಲರ್ ಹೊರಗಿನಿಂದಲೂ ಬೀಪ್ ಎನ್ನುತ್ತದೆ. ಒಳಗೆ ಬರಲು ಹೆದರಿ ಹೊರಗೇ ಅತ್ತಿತ್ತ ಓಡಾಡುತ್ತಿದ್ದ. ನಾನು ಹೋಗಿ ಕಾಲರ್ ಬಿಚ್ಚಿ, ಚೈನು ಹಾಕಿ ಗೇಟಿನ ದಾರಿಯಿಂದ ಕರೆದುಕೊಂಡು ಬಂದೆ. ಆಮೇಲೆ ಆ ಬದಿಗೂ ಬೀಪ್ ಬೇಗ ಬರುವ ಹಾಗೆ ಪೆಟ್ಟಿಗೆಯಲ್ಲಿ ಸಿಗ್ನಲಿನ ಅಗಲ ಹೆಚ್ಚಿಸಿ, ಮತ್ತೆ ಹಗ್ಗ ಹಿಡಿದು ಕಲಿಸಿದೆವು. ವಾಕಿಂಗಿಗೆ ಹೊರಗೆ ಕರೆದುಕೊಂಡು ಹೋಗುವಾಗಲೂ ಕಾಲರ್ ಬಿಚ್ಚಿ, ಯಾವಾಗಲೂ ಒಂದೇ ಜಾಗದಿಂದ ದಾಟಿಸಿ.

ಏಪ್ರಿಲ್ ಮೇಯಲ್ಲಿ ಸಿಡಿಲು. ಇಷ್ಟುದ್ದದ ತಂತಿ ನೆಲದಲ್ಲಿದ್ದರೆ ಹತ್ತಿರ ಬಿದ್ದ ಸಿಡಿಲಿನ ಹೊಡೆತ ಅದರಲ್ಲಿ ಹರಿದು ಬಂದು ಪೆಟ್ಟಿಗೆಯನ್ನು ಸುಡುತ್ತದೆ. ಪ್ಲಗ್ ಮಾತ್ರ ಕಿತ್ತರೆ ಸಾಲದು, ತೋಟದಿಂದ ಬರುವ ಎರಡು ತಂತಿಗಳನ್ನೂ ಬಿಚ್ಚಬೇಕು. ಎರಡಕ್ಕೂ ಸೇರಿ ಸರ್ಜ್ ಪ್ರೊಟೆಕ್ಟರ್ ಹಾಕಿಸಿದ್ದೇವೆ, ಆದರೂ ಗುಡುಗು ಶುರುವಾದರೆ ಬಿಚ್ಚಿ, ದಾಸುವನ್ನು ಒಳಗೆ ಕರೆದುಕೊಳ್ಳುತ್ತೇವೆ. ಕರೆಂಟ್ ಹೋದರೆ ಬೇಲಿಯೂ ಇಲ್ಲ, ಹಾಗಾಗಿ ಪೆಟ್ಟಿಗೆ ಇನ್ವರ್ಟರ್ ಲೈನಿನಲ್ಲೇ ಇರಲಿ.

ಜೂನಿನ ಮಳೆಗೆ ಒಂದು ರಾತ್ರಿ ಪೆಟ್ಟಿಗೆ ಬಿಡದೆ ಕೂಗಲು ಶುರು ಮಾಡಿತು. ತಂತಿ ಎಲ್ಲೋ ತುಂಡಾದರೆ ಅದು ಹೀಗೆ ಎಚ್ಚರಿಸುತ್ತದೆ. ಎಲ್ಲಿ ಎಂದು ಹುಡುಕಲು ಇಡೀ ತೋಟ ಅಗೆಯಬೇಕಾಗಿಲ್ಲ. ಸುತ್ತಿನ ನಡುವೆ ಇರುವ ಒಂದು ಜಾಯಿಂಟ್ ಬಿಚ್ಚಿ, ಖರ್ಚಾಗದೆ ಉಳಿದಿದ್ದ ತಂತಿಯನ್ನು ನೆಲದ ಮೇಲೇ ಎಳೆದು ಅಲ್ಲಿಂದ ಮನೆಗೆ ಜೋಡಿಸಿ, ಮಲ್ಟಿಮೀಟರಿನಲ್ಲಿ ಯಾವ ಅರ್ಧ ಸರಿ ಇದೆ ಎಂದು ನೋಡುವುದು. ಕೆಟ್ಟ ಅರ್ಧವನ್ನು ಮತ್ತೆ ಅರ್ಧ ಮಾಡುವುದು. ಹೀಗೆ ಹೋಗುತ್ತಾ ಅಡಿಕೆ ಸಾಲಿನ ಹತ್ತಿರ ಸಿಕ್ಕಿತು. ಹೆಗ್ಗಣ ಪೈಪನ್ನೂ ತಂತಿಯನ್ನೂ ಸೇರಿಸಿ ಕಡಿದಿತ್ತು. ಜೆಲ್ ತುಂಬಿದ ಕ್ಯಾಪ್ ಹಾಕಿ ಜೋಡಿಸಿದೆವು. ಬರೀ ಟೇಪ್ ಸುತ್ತಿದರೆ ನಮ್ಮ ಮಳೆಗೆ ನಿಲ್ಲುವುದಿಲ್ಲ. ಪ್ರತಿ ಜಾಯಿಂಟಿನ ಮೇಲೆ ಗುರುತಿನ ಕಲ್ಲು ಇಡಿ.

ಜುಲೈಯಲ್ಲಿ ಹೆಚ್ಚು ಬೇಸರ ಕೊಟ್ಟದ್ದು ಅವನ ಕುತ್ತಿಗೆ. ದಿನಾ ಸಂಜೆ ಕೂದಲು ಬಿಡಿಸಿ ನೋಡುತ್ತಿದ್ದೆವು. ಒಂದು ದಿನ ಲೋಹದ ಮೊನೆ ತಾಗುವ ಜಾಗದಲ್ಲಿ ಚರ್ಮ ಕೆಂಪಾಗಿತ್ತು. ಒದ್ದೆ ಕೂದಲು, ಸೆಕೆ, ಒಂದೇ ಕಡೆ ಒತ್ತಡ. ಡಾಕ್ಟ್ರು ಮುಲಾಮು ಕೊಟ್ಟು, ಪೂರ್ತಿ ಒಣಗುವವರೆಗೆ ಕಾಲರ್ ಹಾಕಬೇಡಿ ಎಂದರು. ಅಷ್ಟು ದಿನ ಹಗ್ಗದಲ್ಲೇ ಓಡಾಡಿಸಿದೆವು. ಕಾಲರ್ ದಿನಕ್ಕೆ 12 ಗಂಟೆಗಿಂತ ಜಾಸ್ತಿ ಇರಲೇಬಾರದು. ನಾವು ಬೆಳಗ್ಗೆ ಮತ್ತು ಸಂಜೆ ಕೆಲವು ಗಂಟೆ ಮಾತ್ರ ಹಾಕುತ್ತೇವೆ, ನಡುವೆ ಜಾಗ ಸರಿಸುತ್ತೇವೆ. ಮೊನೆಗೂ ಕುತ್ತಿಗೆಗೂ ನಡುವೆ ಒಂದು ಬೆರಳು ಹೋಗುವಷ್ಟು ಸಡಿಲ ಇರಬೇಕು. ದಪ್ಪ ಕೂದಲಿನ ನಾಯಿಗೆ ಉದ್ದ ಮೊನೆಗಳು ಬೇಕು, ಅವು ಕಿಟ್ಟಿನಲ್ಲೇ ಬರುತ್ತವೆ. ಚೈನನ್ನು ಈ ಕಾಲರಿಗೆ ಸಿಕ್ಕಿಸಬೇಡಿ, ಅದಕ್ಕೆ ಬೇರೆ ಬೆಲ್ಟ್ ಇರಲಿ.

ರಾತ್ರಿ ಅವನು ಮನೆಯೊಳಗೇ. ನೆಲದಡಿಯ ಬೇಲಿ ನಮ್ಮ ನಾಯಿಯನ್ನು ಒಳಗೆ ಇಡುತ್ತದೆ, ಹೊರಗಿನದ್ದನ್ನು ತಡೆಯುವುದಿಲ್ಲ. ಬೀದಿ ನಾಯಿ ಬರಬಹುದು, ಹಾವು ಬರಬಹುದು. ನಮ್ಮ ಜಿಲ್ಲೆಯಲ್ಲಿ ಚಿರತೆ ನಾಯಿಯನ್ನು ಹೊತ್ತುಕೊಂಡು ಹೋಗುವುದು, ಅರಣ್ಯ ಇಲಾಖೆಯವರು ಬೋನು ಇಡುವುದು ಹೊಸತಲ್ಲ. ತಂತಿ ದಾಟಿ ಓಡಿ ತಪ್ಪಿಸಿಕೊಳ್ಳಲು ನಾಯಿ ಹೆದರುತ್ತದೆ ಎಂಬುದನ್ನೂ ನೆನಪಿಡಿ. ಹಾಗಾಗಿ ಕತ್ತಲಾದ ಮೇಲೆ, ಅಥವಾ ಮನೆಯಲ್ಲಿ ಯಾರೂ ಇಲ್ಲದಾಗ, ಈ ಬೇಲಿಯನ್ನು ನಂಬಿ ನಾಯಿಯನ್ನು ಹೊರಗೆ ಬಿಡಬೇಡಿ.

ಕಿಟ್, ತಂತಿ, ಪೈಪ್, ಕೂಲಿ, ಸರ್ಜ್ ಪ್ರೊಟೆಕ್ಟರ್ ಎಲ್ಲ ಸೇರಿ 50,000 ರೂಪಾಯಿಯ ಹತ್ತಿರ ಬಂತು. ಡಾಕ್ಟ್ರ ಖರ್ಚು ಬೇರೆ. ಪಾಗಾರದ ಲೆಕ್ಕ ನೋಡಿದರೆ ಕಡಿಮೆ. ಆದರೆ ಪಾಗಾರಕ್ಕೆ ದಿನಾ ಗಮನ ಕೊಡಬೇಕಾಗಿಲ್ಲ, ಇದಕ್ಕೆ ಬೇಕು. ದಿನಕ್ಕೆ ಅರ್ಧ ಗಂಟೆಯಾದರೂ ನಾಯಿಗೆ ಕೊಡಲು ಪುರುಸೊತ್ತಿಲ್ಲದವರು ಇದಕ್ಕೆ ದುಡ್ಡು ಹಾಕಬೇಡಿ.

ಹದ್ದುಬಸ್ತಿನ ಅಳತೆಗೆ ಬರುವ ನೋಟಿಸ್ ಈಗ ಬಂದಿದೆ. ಗಡಿ ಗುರುತಾದರೆ ರಸ್ತೆ ಬದಿಗೆ ಮಾತ್ರ ಕಂಬ ನೆಟ್ಟು ಮೆಶ್ ಹಾಕಿಸುವುದು ಎಂದು ತೀರ್ಮಾನಿಸಿದ್ದೇವೆ, ಉಳಿದ ಮೂರು ಬದಿಗೆ ತಂತಿಯೇ ಇರುತ್ತದೆ. ಅದಕ್ಕೂ ಮೊದಲು ತೆಂಗಿನ ಬುಡ ಬಿಡಿಸುವ ಕೆಲಸ ಶುರುವಾಗುತ್ತದೆ. ತಂತಿ ಹೋದ ದಾರಿಯ ನಕ್ಷೆ ಬರೆದು ಒಂದು ಪ್ರತಿ ಕೆಲಸದ ಅಣ್ಣನಿಗೆ, ಒಂದು ಇಲೆಕ್ಟ್ರಿಷಿಯನ್ ಹುಡುಗನಿಗೆ ಕೊಟ್ಟಾಗಿದೆ, ಒಂದನ್ನು ಪೆಟ್ಟಿಗೆಯ ಪಕ್ಕದ ಗೋಡೆಗೆ ಅಂಟಿಸಿದ್ದೇವೆ.